ಶನಿವಾರ ಬಸ್ಸು ಬರೋದಿಲ್ಲ

ಪುಳಿಯೋಗರೆ ಡಬ್ಬಿ, ಮೊಸರನ್ನದ ಡಬ್ಬಿ, ನೀರಿನ ಬಾಟಲಿ, ಮಗನಿಗೆ ಒಂದು ಜೊತೆ ಬಟ್ಟೆ, ಮರಳಲ್ಲಿ ಆಡೋಕೆ ಪ್ಲಾಸ್ಟಿಕ್ ಬಕೆಟ್ಟು.. ಇಷ್ಟನ್ನೂ ಹೊತ್ತುಕೊಂಡು ನಾವು ಮೂವರು ರೆಹೋವೋತ್ ರೈಲ್ವೆ ಸ್ಟೇಷನ್ನಿನ ಮುಂದೆ ನಿಂತಿದ್ದೆವು. 2016ರ ಮೇ ತಿಂಗಳು, ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ. ಇಸ್ರೇಲಿಗೆ ಬಂದು ಇನ್ನೂ ಒಂದು ವಾರವೂ ಆಗಿರಲಿಲ್ಲ. ತೆಲ್ ಅವೀವ್‌ಗೆ ಅರ್ಧ ಗಂಟೆ ರೈಲು, ಅಲ್ಲಿಂದ ಸಮುದ್ರ, ಮಧ್ಯಾಹ್ನ ದಡದಲ್ಲಿ ಕೂತು ಪುಳಿಯೋಗರೆ. ನಮ್ಮವರು ಹಿಂದಿನ ರಾತ್ರಿಯೇ ಎಲ್ಲಾ ಪ್ಲಾನ್ ಹಾಕಿದ್ದರು.

ಸ್ಟೇಷನ್ನಿನ ಗೇಟಿಗೆ ಬೀಗ.

ಒಳಗೆ ಒಂದು ನರಪಿಳ್ಳೆ ಇಲ್ಲ. ಮುಷ್ಕರ ಇರಬಹುದು ಅಂದುಕೊಂಡೆವು. ನಮ್ಮೂರ ಅಭ್ಯಾಸ ನೋಡಿ, ಬಾಗಿಲು ಮುಚ್ಚಿದ್ದರೆ ಮೊದಲು ನೆನಪಾಗೋದು ಬಂದ್! ಅಷ್ಟರಲ್ಲಿ ನಾಯಿ ಹಿಡಿದುಕೊಂಡು ಬರುತ್ತಿದ್ದ ಒಬ್ಬ ತಾತ ನಮ್ಮ ಬಕೆಟ್ಟು, ಡಬ್ಬಿಗಳನ್ನೆಲ್ಲಾ ನೋಡಿ ನಕ್ಕು "ಶಬ್ಬಾತ್!" ಅಂದರು. ಬಸ್ ಇದೆಯಾ ಅಂತ ಕೇಳಿದ್ದಕ್ಕೆ ಮತ್ತೆ "ಶಬ್ಬಾತ್". ಮತ್ತೆ ಯಾವಾಗ ಬರುತ್ತೆ ಅಂದರೆ ಆಕಾಶ ತೋರಿಸಿ ಮೂರು ಬೆರಳು ಎತ್ತಿದರು. ಮೂರು ಗಂಟೆಗೆ ಅಂತ ತಿಳಿದುಕೊಂಡು ನಾವು ಖುಷಿಯಾಗಿ ಮನೆಗೆ ಬಂದು, ಪುಳಿಯೋಗರೆಯನ್ನು ಮನೆಯಲ್ಲೇ ತಿಂದು, ಮೂರು ಗಂಟೆಗೆ ಮತ್ತೆ ಹೋಗಿ ಅದೇ ಬೀಗ ನೋಡಿಕೊಂಡು ಬಂದೆವು. ಆಮೇಲೆ ಗೊತ್ತಾಯಿತು, ತಾತ ಹೇಳಿದ್ದು ಮೂರು ಗಂಟೆಯಲ್ಲ, ಮೂರು ನಕ್ಷತ್ರ. ಶುಕ್ರವಾರ ಸೂರ್ಯ ಮುಳುಗುವಾಗ ಶುರುವಾಗುವ ಶಬ್ಬಾತ್, ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೆ ಮುಗಿಯುತ್ತದೆ.

ಹೀಗೆ ಶುರುವಾದ ನಮ್ಮ ಶನಿವಾರಗಳ ಸಹವಾಸ ಮೂರೂವರೆ ವರ್ಷ ನಡೆಯಿತು. ಆ ದೇಶದಲ್ಲಿ ನನಗೆ ತುಂಬಾ ಇಷ್ಟವಾದದ್ದು ಯಾವುದು ಅಂತ ಯಾರಾದರೂ ಕೇಳಿದರೆ ಶಬ್ಬಾತ್ ಅಂತಲೇ ಹೇಳ್ತೀನಿ. ತುಂಬಾ ಸಿಟ್ಟು ಬರಿಸಿದ್ದು ಯಾವುದು ಅಂದರೂ ಅದೇ. ಯಾಕೆ ಅಂತ ಸ್ವಲ್ಪ ಬಿಡಿಸಿ ಬರೀಬೇಕು ಅಂತ ಬಹಳ ದಿನದಿಂದ ಇತ್ತು.

ಮೊದಲು ಅಲ್ಲಿಯ ವಾರದ ಲೆಕ್ಕ. ಹೀಬ್ರೂನಲ್ಲಿ ವಾರದ ದಿನಗಳಿಗೆ ಹೆಸರೇ ಇಲ್ಲ. ಭಾನುವಾರ ಅಂದರೆ ಯೋಮ್ ರಿಶೋನ್, ಮೊದಲನೇ ದಿನ. ಸೋಮವಾರ ಎರಡನೇ ದಿನ, ಮಂಗಳವಾರ ಮೂರನೇ ದಿನ.. ಹೀಗೇ ಎಣಿಸುತ್ತಾ ಶುಕ್ರವಾರ ಆರನೇ ದಿನ. ಏಳನೆಯದಕ್ಕೆ ಮಾತ್ರ ಹೆಸರು, ಶಬ್ಬಾತ್. ನಮಗೆ ಒಂದೊಂದು ದಿನಕ್ಕೂ ಒಂದೊಂದು ಗ್ರಹ ಇದೆ. ಅವರಿಗೆ ಆರು ದಿನವೂ ಆ ಒಂದು ದಿನದ ಕಡೆಗೆ ಹತ್ತುವ ಮೆಟ್ಟಿಲು. ಭಾನುವಾರ ಎಲ್ಲರೂ ಕೆಲಸಕ್ಕೆ ಹೋಗುತ್ತಾರೆ. ಭಾನುವಾರ ಬೆಳಿಗ್ಗೆ ರೈಲು ಹತ್ತಿದರೆ ಕೂರೋಕೆ ಜಾಗ ಇರೋದಿಲ್ಲ, ವಾರಾಂತ್ಯಕ್ಕೆ ಮನೆಗೆ ಬಂದಿದ್ದ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರು ಬಂದೂಕು ತೊಡೆ ಮೇಲಿಟ್ಟುಕೊಂಡು ನಿದ್ದೆ ಮಾಡುತ್ತಾ ಸೈನ್ಯದ ಕ್ಯಾಂಪಿಗೆ ವಾಪಸ್ ಹೋಗುತ್ತಿರುತ್ತಾರೆ. ಮೊದಮೊದಲು ಭಯ ಆಗ್ತಿತ್ತು, ಆಮೇಲೆ ನಿದ್ದೆ ಮಾಡುವ ಆ ಮಕ್ಕಳನ್ನು ನೋಡಿ ಅಯ್ಯೋ ಪಾಪ ಅನ್ನಿಸ್ತಿತ್ತು.

ಬಸ್ಸು ರೈಲು ನಿಲ್ಲೋದು ಬರೀ ಭಕ್ತಿಯಿಂದಲ್ಲ. ಅದರ ಹಿಂದೆ ಒಂದು ಒಪ್ಪಂದ ಇದೆ. ದೇಶ ಹುಟ್ಟುವ ಮೊದಲು, 1947ರಲ್ಲಿ, ಬೆನ್ ಗುರಿಯನ್ ಅವರು ಸಂಪ್ರದಾಯಸ್ಥ ಯಹೂದಿಗಳ ಪಕ್ಷ ಅಗುದತ್ ಇಸ್ರೇಲ್‌ಗೆ ಒಂದು ಪತ್ರ ಬರೆದರು. ಮುಂದೆ ಹುಟ್ಟುವ ದೇಶದಲ್ಲಿ ಶನಿವಾರವೇ ವಾರದ ರಜೆ ಆಗಿರುತ್ತದೆ, ಸರ್ಕಾರಿ ಅಡುಗೆಮನೆಗಳಲ್ಲಿ ಕೋಷರ್ ಊಟವೇ ಇರುತ್ತದೆ ಅಂತೆಲ್ಲಾ ಭರವಸೆ. ಯಥಾಸ್ಥಿತಿ ಅಂತ ಅಲ್ಲಿ ಎಲ್ಲರೂ ಕರೆಯುವುದು ಈ ಹೊಂದಾಣಿಕೆಯನ್ನೇ. 1951ರಲ್ಲಿ ಕೆಲಸದ ಗಂಟೆ ಮತ್ತು ವಿಶ್ರಾಂತಿಯ ಕಾನೂನು ಬಂತು. ವಾರಕ್ಕೆ 36 ಗಂಟೆ ಎಡೆಬಿಡದ ವಿಶ್ರಾಂತಿ, ಯಹೂದಿಗಳಿಗೆ ಅದರಲ್ಲಿ ಶಬ್ಬಾತ್ ಸೇರಿರಬೇಕು. ಬೇರೆಯವರು ಅವರವರ ಪದ್ಧತಿಯಂತೆ ಶುಕ್ರವಾರ, ಶನಿವಾರ ಅಥವಾ ಭಾನುವಾರ ಆರಿಸಿಕೊಳ್ಳಬಹುದು. ಓದಿದರೆ ಎಷ್ಟು ಚೆನ್ನಾಗಿದೆ ಅಲ್ವಾ?

ಇನ್ನು ಶುಕ್ರವಾರದ ಸಂಭ್ರಮ. ಬೆಳಿಗ್ಗೆ ಮಾರುಕಟ್ಟೆಗೆ ಹೋದರೆ ನಮ್ಮೂರಿನ ಗೌರಿ ಹಬ್ಬದ ಹಿಂದಿನ ದಿನ ದೇವರಾಜ ಮಾರ್ಕೆಟ್ಟಿಗೆ ಹೋದಂಗೆ. ದಾಳಿಂಬೆ, ಖರ್ಜೂರ, ಬದನೆಕಾಯಿ, ಕಟ್ಟು ಕಟ್ಟು ಕೊತ್ತಂಬರಿ, ಜಡೆ ಹೆಣೆದಂತೆ ಇರುವ ಖಲ್ಲಾ ಬ್ರೆಡ್ಡು. ಮಧ್ಯಾಹ್ನ ಆಗುತ್ತಾ ಬಂದಂತೆ ವ್ಯಾಪಾರಿಗಳ ದನಿ ಏರುತ್ತೆ, ಬೆಲೆ ಇಳಿಯುತ್ತೆ. ಕೊನೇ ಗಳಿಗೆಯಲ್ಲಿ ಹೋದರೆ ಟೊಮೇಟೊ ಹೆಚ್ಚು ಕಮ್ಮಿ ಬಿಟ್ಟಿ. ನಾನು ಎರಡನೇ ತಿಂಗಳಿಗೇ ಕೊನೇ ಗಳಿಗೆಯ ಗಿರಾಕಿ ಆಗಿಬಿಟ್ಟೆ :-) ಆಮೇಲೆ ಎಲ್ಲರೂ ಎಲ್ಲರಿಗೂ "ಶಬ್ಬಾತ್ ಶಲೋಮ್" ಹೇಳಿಕೊಂಡು ಮನೆ ಸೇರುತ್ತಾರೆ, ಸಂಜೆ ಊರಿಗೆ ಊರೇ ಉಸಿರು ಬಿಟ್ಟಂತೆ ಸುಮ್ಮನಾಗುತ್ತೆ.

ಆ ಸುಮ್ಮನಿರುವಿಕೆಯನ್ನು ಹೇಗೆ ಹೇಳಲಿ.. ಹಾರನ್ ಇಲ್ಲ, ಅಂಗಡಿ ಶಟರ್ ಸದ್ದಿಲ್ಲ. ಬೀದಿಯಲ್ಲಿ ನಡೆದು ಹೋದರೆ ಕಿಟಕಿಗಳಿಂದ ತಟ್ಟೆ ಚಮಚದ ಸದ್ದು, ಒಟ್ಟಿಗೆ ಹಾಡುವ ಸದ್ದು. ವಸಂತದಲ್ಲಿ ಕಿತ್ತಳೆ ಹೂವಿನ ವಾಸನೆ, ರೆಹೋವೋತ್ ಒಂದು ಕಾಲಕ್ಕೆ ಕಿತ್ತಳೆ ತೋಟಗಳ ಊರು. ನಮ್ಮವರು ವೈಝ್‌ಮನ್ ಸಂಸ್ಥೆಯಲ್ಲಿ ಸಂಶೋಧನೆಗೆ ಬಂದವರು. ಉಳಿದ ದಿನ ಲ್ಯಾಬು, ಲ್ಯಾಬು, ಲ್ಯಾಬು. ಶನಿವಾರ ಮಾತ್ರ ಹೋಗೋಕೆ ಎಲ್ಲೂ ಇಲ್ಲವಾದ್ದರಿಂದ ಮಗನ ಜೊತೆ ನೆಲದ ಮೇಲೆ ಕೂತು ರೈಲು ಜೋಡಿಸುತ್ತಿದ್ದರು. ಮದುವೆಯಾಗಿ ಆರು ವರ್ಷದಲ್ಲಿ ನಾವಿಬ್ಬರು ಅಷ್ಟು ಹೊತ್ತು ಮಾತಾಡಿದ್ದು ಆ ಶನಿವಾರಗಳಲ್ಲೇ.

ಯೋಮ್ ಕಿಪ್ಪುರ್ ಅಂತ ವರ್ಷಕ್ಕೊಮ್ಮೆ ಬರುವ ದಿನ ಇದಕ್ಕೂ ಒಂದು ಕೈ ಮೇಲು. ಅವತ್ತು ಉಪವಾಸ, ಪ್ರಾರ್ಥನೆ. ಯಹೂದಿ ಊರುಗಳಲ್ಲಿ ಕಾರು ಓಡಿಸುವವರೇ ಇಲ್ಲ, ದೇವರನ್ನು ನಂಬದವರೂ ಓಡಿಸೋದಿಲ್ಲ. ಖಾಲಿ ರಸ್ತೆ ಪೂರ್ತಿ ಮಕ್ಕಳ ಸೈಕಲ್ಲಿಗೆ. ತೆಲ್ ಅವೀವ್‌ನ ದೊಡ್ಡ ಹೆದ್ದಾರಿಯ ಮೇಲೂ ಮಕ್ಕಳು ಸೈಕಲ್ ಹೊಡೆಯುತ್ತಾರೆ. ನನ್ನ ಮಗ ಸೈಕಲ್ ಕಲಿತದ್ದು ಆ ದಿನವೇ, ನಾಲ್ಕು ಲೇನಿನ ರಸ್ತೆಯ ನಟ್ಟ ನಡುವೆ. ಬೆಂಗಳೂರಿನ ರಿಂಗ್ ರೋಡಿನಲ್ಲಿ ಇದನ್ನು ಒಂದ್ಸಲ ಕಲ್ಪಿಸಿಕೊಳ್ಳಿ!

ಹಾಗಂತ ನಮ್ಮವರಿಗೆ ಇದು ಪೂರ್ತಿ ಹೊಸದೂ ಅಲ್ಲ. ನಮ್ಮ ಅಜ್ಜನ ಊರಲ್ಲಿ ಸೋಮವಾರ ಎತ್ತುಗಳಿಗೆ ನೊಗ ಕಟ್ಟುತ್ತಿರಲಿಲ್ಲ. ಬಸವಣ್ಣನ ದಿನ ಅದು. ಎಷ್ಟೇ ಅರ್ಜೆಂಟ್ ಇರಲಿ, ಮಳೆ ಹದ ತಪ್ಪಿಹೋಗಲಿ, ಸೋಮವಾರ ಎತ್ತು ಕೊಟ್ಟಿಗೆಯಲ್ಲೇ. ಬೈಬಲ್ಲಿನ ಹಳೆ ಒಡಂಬಡಿಕೆಯಲ್ಲಿ ಶಬ್ಬಾತ್ ಬಗ್ಗೆ ಇರುವ ಆಜ್ಞೆ ಓದಿದಾಗ ನನಗೆ ಆ ಕೊಟ್ಟಿಗೆ ನೆನಪಾಯಿತು. ಯಾಕೆಂದರೆ ಅಲ್ಲಿ ವಿಶ್ರಾಂತಿ ಯಜಮಾನನಿಗೆ ಮಾತ್ರ ಅಂತ ಇಲ್ಲ. ಮಗ, ಮಗಳು, ಆಳು, ಕೆಲಸದವಳು, ಎತ್ತು, ಕತ್ತೆ, ಕೊನೆಗೆ ಊರೊಳಗೆ ಇರುವ ಪರದೇಶಿಯವರೆಗೆ ಎಲ್ಲರ ಹೆಸರೂ ಇದೆ. ಈ ಮಾತು ಸ್ವಲ್ಪ ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಸಿಟ್ಟಿನ ಭಾಗ. ಕಾರು ಇದ್ದವರಿಗೆ ಶನಿವಾರ ಅಂದರೆ ಪಿಕ್ನಿಕ್ಕು. ದೇಶದಲ್ಲಿ ಬಹಳ ಜನ ಶಬ್ಬಾತ್ ನಿಯಮವನ್ನು ಪೂರ್ತಿ ಪಾಲಿಸುವವರಲ್ಲ. ಅವರು ಮಾಂಸ ಸುಡುವ ಒಲೆ, ಕುರ್ಚಿ, ನಾಯಿ ಎಲ್ಲಾ ಕಾರಿನಲ್ಲಿ ತುಂಬಿಕೊಂಡು ಕಾಡಿಗೋ ಸಮುದ್ರಕ್ಕೋ ಹೋಗುತ್ತಾರೆ. ನಾವು ಕಾರಿಲ್ಲದವರು. ಹಾಗಾಗಿ ನಮ್ಮ ತಿರುಗಾಟವೆಲ್ಲಾ ಶುಕ್ರವಾರ ಬೆಳಿಗ್ಗೆಗೆ ಸೀಮಿತ, ಅದೂ ಮಧ್ಯಾಹ್ನ ಕೊನೇ ಬಸ್ಸಿನ ಭಯದಲ್ಲಿ. ಮೃತ ಸಮುದ್ರಕ್ಕೆ ಹೋಗಿದ್ದು ಹೀಗೇ. ಸಮುದ್ರಮಟ್ಟಕ್ಕಿಂತ ಸುಮಾರು 430 ಮೀಟರ್ ಕೆಳಗೆ, ಭೂಮಿಯ ಮೇಲಿನ ಅತಿ ತಗ್ಗಿನ ದಡ. ನೀರಲ್ಲಿ ಅಂಗಾತ ಮಲಗಿದರೆ ಸಾಕು, ಈಜು ಬಾರದ ನಾನೂ ತೇಲಿದೆ. ಎದುರಿಗೆ ಜೋರ್ಡಾನಿನ ಗುಡ್ಡಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತಿದ್ದವು. ನಾನು ಮಾತ್ರ ತೇಲುತ್ತಲೇ ದಡದಲ್ಲಿದ್ದ ನಮ್ಮವರನ್ನು "ಟೈಮೆಷ್ಟು ರೀ?" ಅಂತ ಕೂಗಿ ಕೇಳುತ್ತಿದ್ದೆ. ಆ ಕೊನೇ ಬಸ್ಸು ತಪ್ಪಿದ್ದರೆ ಮುಂದಿನದು ಮರುದಿನ ಮೂರು ನಕ್ಷತ್ರದ ನಂತರ!

ಆದರೆ ಇದು ನಮ್ಮಂಥವರ ಸಣ್ಣ ಗೊಣಗಾಟ. ಪಿಕ್ನಿಕ್ ತಪ್ಪಿದರೆ ಯಾರೂ ಸಾಯೋದಿಲ್ಲ. ಶನಿವಾರ ನಿಜವಾಗಿ ಯಾರಿಗೆ ಬೀಗ ಹಾಕುತ್ತೆ ಅಂತ ಗೊತ್ತಾಗಿದ್ದು ಮನೆ ಹತ್ತಿರದ ಪಾರ್ಕಿನಲ್ಲಿ.

ಆ ಪಾರ್ಕಿಗೆ ಸಂಜೆ ಗಾಲಿಕುರ್ಚಿಗಳ ಸಾಲೇ ಬರುತ್ತಿತ್ತು. ಕುರ್ಚಿಯಲ್ಲಿ ಎಂಬತ್ತು ತೊಂಬತ್ತರ ಅಜ್ಜ ಅಜ್ಜಿಯರು, ಹಿಂದೆ ತಳ್ಳುತ್ತಾ ಫಿಲಿಪ್ಪೀನ್ಸಿನವರು, ನೇಪಾಳದವರು, ಶ್ರೀಲಂಕಾದವರು, ನಮ್ಮವರು. ಒಂದು ದಿನ ನಾನು ಮಗನಿಗೆ "ಓಡ್ಬೇಡ ಕಣೋ, ಬೀಳ್ತೀಯ!" ಅಂತ ಕೂಗಿದೆ. ಹಿಂದಿನಿಂದ ಒಂದು ದನಿ, "ನೀವು ಕನ್ನಡವಾ?"

ತಿರುಗಿ ನೋಡಿದರೆ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು, ಎದುರಿಗೆ ಗಾಲಿಕುರ್ಚಿಯಲ್ಲಿ ನಿದ್ದೆ ಹೋದ ಪುಟ್ಟ ಅಜ್ಜಿ.

"ಹೌದು, ಮೈಸೂರು. ನೀವು?"

"ನನ್ನದು ಬೆಳ್ತಂಗಡಿ ಹತ್ರ. ಮನೆಯಲ್ಲಿ ಕೊಂಕಣಿ, ಶಾಲೆಯೆಲ್ಲ ಕನ್ನಡ ಮೀಡಿಯಮ್ಮೇ. ಎಂತ ಮಾರಾಯ್ರೆ, ಎಂಟು ತಿಂಗಳಾಯ್ತು ಬಾಯಿ ತುಂಬ ಕನ್ನಡ ಮಾತಾಡಿ!"

ಅವತ್ತಿನಿಂದ ಅವರು ನನಗೆ ಅಕ್ಕ. ಅವರ ಅಜ್ಜಿಯನ್ನು ಅವರು ಸಾವ್ತಾ ಅಂತಿದ್ದರು, ಹೀಬ್ರೂನಲ್ಲಿ ಅಜ್ಜಿ ಅಂತ. ರಾತ್ರಿ ಮೂರು ಸಲ ಎಬ್ಬಿಸುವ ಅಜ್ಜಿ. ಅಕ್ಕ ಅದೇ ಮನೆಯಲ್ಲಿ, ಅದೇ ಕೋಣೆಯ ಪಕ್ಕದಲ್ಲಿ ಮಲಗಬೇಕು. ಊರಲ್ಲಿ ಇಬ್ಬರು ಮಕ್ಕಳು, ಏಜೆಂಟನಿಗೆ ಕೊಟ್ಟ ದುಡ್ಡಿನ ಸಾಲ ತೀರಿಸೋಕೆ ಎರಡು ವರ್ಷ ಬೇಕಾಗಿತ್ತು. ಈ ಕೆಲಸದ ವೀಸಾ ಸಾಮಾನ್ಯವಾಗಿ 63 ತಿಂಗಳು. ನೋಡಿಕೊಳ್ಳುತ್ತಿರುವವರು ಇದ್ದು, ಅವರಿಗೆ ಇವರೇ ಬೇಕಾದರೆ ಮುಂದುವರಿಸುತ್ತಾರೆ. ಅಂದರೆ ಸಾವ್ತಾ ಬದುಕಿರುವವರೆಗೆ ಅಕ್ಕನ ವೀಸಾ ಬದುಕಿರುತ್ತೆ.

ಅಕ್ಕನಿಗೆ ವಾರಕ್ಕೆ ಒಂದು ದಿನ ರಜೆ. ಶನಿವಾರ. ಸಾವ್ತಾಳ ಮಗಳು ಅವತ್ತು ಮನೆಯಲ್ಲಿ ಇರುತ್ತಾರೆ, ಹಾಗಾಗಿ ಅದೇ ದಿನ.

"ಶನಿವಾರ ಯಾಫೋದಲ್ಲಿ ಪೂಜೆ ಉಂಟು. ಆದಿತ್ಯವಾರ ಇಲ್ಲಿ ಎಲ್ಲರಿಗೂ ಕೆಲಸ ಅಲ್ವಾ, ಹಾಗೆ ನಮಗೆ ಶನಿವಾರವೇ. ನಮ್ಮ ಊರಿನವರೆಲ್ಲ ಬರ್ತಾರೆ. ಆದ್ರೆ ಹೋಗುದು ಹೇಗೆ? ಬಸ್ಸಿಲ್ಲ, ರೈಲಿಲ್ಲ. ನಾಲ್ಕು ಜನ ಸೇರಿದ್ರೆ ಟ್ಯಾಕ್ಸಿ. ಮೂರು ಜನ ಆದ್ರೆ ಇಲ್ಲೇ ಬೆಂಚಿನ ಮೇಲೆ."

ನನಗೆ ಮಾತೇ ಹೊರಡಲಿಲ್ಲ. ರಜೆ ಇದೆ, ಆದರೆ ಆ ರಜೆಯಲ್ಲಿ ಹೋಗಲು ದಾರಿ ಇಲ್ಲ. ಮನೆಯಲ್ಲೇ ಇದ್ದರೆ ಸಾವ್ತಾ ಕರೆಯುತ್ತಾರೆ, ಕರೆದರೆ ಹೋಗದೆ ಇರೋಕೆ ಆಗೋದಿಲ್ಲ. ಹಾಗಾಗಿ ಅಕ್ಕ ಎಷ್ಟೋ ಶನಿವಾರ ಬೆಳಿಗ್ಗೆ ಎಂಟರಿಂದ ಸಂಜೆವರೆಗೆ ಪಾರ್ಕಿನ ಬೆಂಚಿನ ಮೇಲೆ ಮೊಬೈಲ್ ಹಿಡಿದು ಕೂತಿರುತ್ತಿದ್ದರು. ಕೆಲಸದಿಂದ ತಪ್ಪಿಸಿಕೊಳ್ಳೋಕೆ ಬೆಂಚು! ಆಮೇಲೆ ನಮ್ಮ ಮನೆಗೆ ಬರೋಕೆ ಶುರು ಮಾಡಿದರು. ನೀರ್ದೋಸೆ ಮಾಡೋಕೆ ಕಲಿಸಿದ್ದು ಅವರೇ.

ಇನ್ನೊಂದು ವಿಷಯ ನನಗೆ ಆಮೇಲೆ ತಿಳಿದದ್ದು. ಮೇಲೆ ಹೇಳಿದೆನಲ್ಲ 1951ರ ಕಾನೂನು, ಅದು ಮನೆಯಲ್ಲೇ ಉಳಿದು ಆರೈಕೆ ಮಾಡುವ ಇವರಿಗೆ ಅನ್ವಯಿಸೋದಿಲ್ಲ ಅಂತ ಅಲ್ಲಿಯ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು, 2013ರಲ್ಲಿ ಮತ್ತೆ ವಿಚಾರಣೆ ಮಾಡಿಯೂ ಅದನ್ನೇ ಎತ್ತಿಹಿಡಿಯಿತು. ಹಗಲು ರಾತ್ರಿ ಜೊತೆಗಿರುವ ಕೆಲಸಕ್ಕೆ ಗಂಟೆಗಳ ಲೆಕ್ಕ ಹೊಂದೋದಿಲ್ಲ ಅನ್ನೋದು ಅದರ ಹಿಂದಿನ ವಾದ. ವಾರದ ರಜೆ ಇವರಿಗೆ ಬೇರೆ ನಿಯಮಗಳಿಂದ ಇದೆ, ಆದರೆ ಓವರ್‌ಟೈಮ್ ಇಲ್ಲ. ಹಳೇ ಆಜ್ಞೆಯಲ್ಲಿ ಕೆಲಸದವಳ ಹೆಸರಿತ್ತು, ಪರದೇಶಿಯ ಹೆಸರಿತ್ತು. ಅಕ್ಕ ಎರಡೂ ಹೌದು. ಎತ್ತು ಕತ್ತೆಗಳಿಗೂ ಸಿಕ್ಕ ಜಾಗ ಹೊಸ ಕಾಲದ ಕಾನೂನಿನಲ್ಲಿ ಅಕ್ಕನಿಗೆ ಪೂರ್ತಿ ಸಿಗಲಿಲ್ಲ.

ಒಂದು ಶನಿವಾರ ನಾವೂ ಅಕ್ಕನ ಟ್ಯಾಕ್ಸಿಗೆ ಸೇರಿಕೊಂಡು ತೆಲ್ ಅವೀವ್‌ಗೆ ಹೋದೆವು. ಒಬ್ಬೊಬ್ಬರ ಪಾಲಿಗೆ ಬಂದ ದುಡ್ಡು ವಾರದ ದಿನದ ರೈಲು ಟಿಕೆಟ್ಟಿನ ಎಷ್ಟೋ ಪಟ್ಟು. 1993ರಲ್ಲಿ ತೆರೆದ ಅಲ್ಲಿಯ ದೈತ್ಯ ಬಸ್ ನಿಲ್ದಾಣದ ಸುತ್ತಮುತ್ತ, ಲೆವಿನ್ಸ್ಕಿ ಪಾರ್ಕು, ನೆವೆ ಶಾನಾನ್ ಬೀದಿ.. ಊರೆಲ್ಲಾ ಮಲಗಿರುವಾಗ ಅಲ್ಲಿ ಮಾತ್ರ ಜಾತ್ರೆ. ಫಿಲಿಪ್ಪೀನ್ಸಿನ ಹೆಂಗಸರು ಗುಂಪು ಗುಂಪಾಗಿ ಊಟ ಹರಡಿಕೊಂಡು ಕೂತಿದ್ದರು. ಭಾರತದ ಅಂಗಡಿಯಲ್ಲಿ ಕರಿಬೇವು ಸಿಕ್ಕಿತು, ತೊಗರಿಬೇಳೆ ಸಿಕ್ಕಿತು. ಅಕ್ಕ ಯಾಫೋದ ಚರ್ಚಿನಿಂದ ಬಂದಾಗ ಮುಖವೇ ಬೇರೆ ಇತ್ತು, ಸ್ನಾನ ಮಾಡಿ ಬಂದ ಹಾಗೆ. ಅವತ್ತು ನನಗೆ ವಿಶ್ರಾಂತಿ ಅಂದರೆ ಏನು ಅಂತ ಅರ್ಥ ಆಯ್ತು. ಕೆಲಸ ಮಾಡದೆ ಇರೋದು ಅದರ ಅರ್ಧ ಮಾತ್ರ. ನಿಮ್ಮವರ ಹತ್ತಿರ ಹೋಗೋಕೆ ಆಗೋದು ಇನ್ನರ್ಧ.

ಇದನ್ನೆಲ್ಲಾ ನಾನು ಸಿಟ್ಟಿನಲ್ಲಿ ಪಕ್ಕದ ಮನೆ ಅಜ್ಜಿಯ ಮುಂದೆ ಹೇಳಿಕೊಂಡೆ. ಯೆಮೆನ್ ದೇಶದಿಂದ ಬಂದ ಕುಟುಂಬ ಅವರದು, ರೆಹೋವೋತ್‌ನಲ್ಲಿ ಅಂಥವರು ತುಂಬಾ. ಶುಕ್ರವಾರ ರಾತ್ರಿಯೆಲ್ಲಾ ಸಣ್ಣ ಉರಿಯಲ್ಲಿ ಬೇಯಿಸಿದ ಜಖ್ನೂನ್ ಅನ್ನೋ ಸುರುಳಿ ರೊಟ್ಟಿಯನ್ನು ಶನಿವಾರ ಬೆಳಿಗ್ಗೆ ನಮಗೂ ಕಳಿಸುತ್ತಿದ್ದರು. ಜೊತೆಗೆ ತುರಿದ ಟೊಮೇಟೊ, ಸ್ಖೂಗ್ ಅನ್ನೋ ಹಸಿಮೆಣಸಿನಕಾಯಿ ಕೊತ್ತಂಬರಿ ಚಟ್ನಿ, ಥೇಟ್ ನಮ್ಮ ಹಸಿರು ಚಟ್ನಿಯ ಅಕ್ಕನ ಮಗಳು. ಶಬ್ಬಾತ್ ದಿನ ಅವರು ದೀಪದ ಸ್ವಿಚ್ಚೂ ಮುಟ್ಟೋದಿಲ್ಲ. ಬೇರೆಯವರಿಗೆ ಹಾಕು ಅಂತ ನೇರವಾಗಿ ಹೇಳೋ ಹಾಗೂ ಇಲ್ಲ. ಒಂದು ರಾತ್ರಿ ಬಾಗಿಲು ತಟ್ಟಿ "ನಮ್ಮ ಮನೆಯಲ್ಲಿ ತುಂಬಾ ಕತ್ತಲೆ" ಅಂದರು, ಅಷ್ಟೇ. ನಾನು ಪೆದ್ದಿಯ ಹಾಗೆ "ಹೌದಾ" ಅಂದೆ. ಅವರು ಮತ್ತೆ "ಬಹಳ ಕತ್ತಲೆ" ಅಂದರು. ಮೂರನೇ ಸಲಕ್ಕೆ ಟ್ಯೂಬ್‌ಲೈಟ್ ಹತ್ತಿತು, ಮೊದಲು ನನ್ನ ತಲೆಯಲ್ಲಿ, ಆಮೇಲೆ ಅವರ ಮನೆಯಲ್ಲಿ :-)

ಈ ಅಜ್ಜಿ ನನ್ನ ಮಾತು ಪೂರ್ತಿ ಕೇಳಿದರು. ಮೊಮ್ಮಗಳು ಇಂಗ್ಲಿಷಿಗೆ, ಹೀಬ್ರೂಗೆ ತಿರುಗಿಸುತ್ತಾ ಕೂತಿದ್ದಳು. ಆಮೇಲೆ ಅಜ್ಜಿ ಹೇಳಿದ್ದು ಇಷ್ಟು: "ನನ್ನ ಗಂಡ ಬಸ್ ಡ್ರೈವರ್ ಆಗಿದ್ದ. ಆರು ದಿನ ಮಕ್ಕಳು ಏಳೋ ಮೊದಲು ಹೋಗಿ ಮಲಗಿದ ಮೇಲೆ ಬರೋನು. ಶಬ್ಬಾತ್ ದಿನ ಮನೆಯಲ್ಲಿ ಇರೋನು. ನನ್ನ ಮಕ್ಕಳು ಅಪ್ಪನ ಮುಖ ಬೆಳಕಲ್ಲಿ ನೋಡಿದ್ದು ಆ ದಿನ ಮಾತ್ರ. ಬಸ್ಸು ಓಡಬೇಕು ಅಂತೀಯಲ್ಲ, ಓಡಿಸೋನು ಯಾರು? ಇವತ್ತು ಬಸ್ಸು, ನಾಳೆ ಅಂಗಡಿ, ನಾಡಿದ್ದು ಆಫೀಸು. ಆಮೇಲೆ ಬಡವನಿಗೆ ಒಂದು ದಿನವೂ ಉಳಿಯೋಲ್ಲ."

ಈ ಮಾತಿಗೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ, ಯಾಕೆಂದರೆ ಅದರಲ್ಲಿ ಸತ್ಯ ಇದೆ. ನಮ್ಮಲ್ಲಿ ಭಾನುವಾರಕ್ಕೆ ಏನಾಯ್ತು ನೋಡಿ. ಮೊದಲು ಅಂಗಡಿ ತೆರೆದವು, ಆಮೇಲೆ ಮಾಲ್, ಈಗ ಭಾನುವಾರ ರಾತ್ರಿ ಹತ್ತು ಗಂಟೆಗೆ ಆಫೀಸಿನ ಫೋನು ಬಂದರೆ ಯಾರಿಗೂ ಆಶ್ಚರ್ಯವೇ ಆಗೋದಿಲ್ಲ. ಸಾಮಾನು ಹೊತ್ತು ತರುವ ಹುಡುಗನಿಗೆ ವಾರ ಅನ್ನೋದೇ ಇಲ್ಲ. ಎಲ್ಲರೂ ಒಟ್ಟಿಗೆ ನಿಲ್ಲುವ ದಿನ ಅನ್ನೋದು ಒಂದು ಸಲ ಹೋದರೆ ವಾಪಸ್ ಬರೋದಿಲ್ಲ. ಅಜ್ಜಿಯ ಹೆದರಿಕೆ ಸುಳ್ಳಲ್ಲ.

ಉತ್ತರ ಸಿಕ್ಕಿದ್ದು ಹೈಫಾದಲ್ಲಿ. 2018ರ ಸೆಪ್ಟೆಂಬರಿನಲ್ಲಿ ಒಂದು ಗುರುವಾರ ಸಂಜೆ ಹೋಗಿ ಎರಡು ದಿನ ಉಳಿದೆವು. ಹೋಗಲು ನಮಗೊಂದು ಮೈಸೂರಿನ ಕಾರಣವೂ ಇತ್ತು. 1918ರ ಸೆಪ್ಟೆಂಬರ್ 23ರಂದು ತುರ್ಕರ ಕೈಯಿಂದ ಹೈಫಾವನ್ನು ಗೆದ್ದವರು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು. ಮೆಷಿನ್ ಗನ್ನಿನ ಎದುರು ಭರ್ಜಿ ಹಿಡಿದು ನುಗ್ಗಿದ ಜನ. ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ಸತ್ತವರ ಸ್ಮಾರಕ ಹೈಫಾದಲ್ಲಿ ಇದೆ, ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಹೈಫಾದ ಆ ಗೆಲುವಿಗೆ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳು ನಾವು ಅಲ್ಲಿದ್ದೆವು. ನಮ್ಮೂರಿನ ಯಾವುದೋ ಹಳ್ಳಿಯ ಹುಡುಗ ಇಲ್ಲಿಗೆ ಬಂದು ಬೆಟ್ಟ ಹತ್ತಿದನಲ್ಲ ಅಂತ ಸುಮ್ಮನೆ ನಿಂತು ನೋಡಿದೆವು.

ಮರುದಿನ ಶನಿವಾರ. ರಸ್ತೆಯಲ್ಲಿ ಬಸ್ಸು! ಹಸಿರು ಬಣ್ಣದ ಅದೇ ಸರ್ಕಾರಿ ಪರವಾನಗಿಯ ಬಸ್ಸು, ಶಬ್ಬಾತ್ ದಿನ. ನಮ್ಮವರು ಕೈ ಚಿವುಟಿಕೊಂಡರು. ಹೈಫಾ ಯಹೂದಿಗಳೂ ಅರಬರೂ ಬೆರೆತ ಊರು, ಕಾರ್ಮಿಕರ ಊರು. ಬ್ರಿಟಿಷರ ಕಾಲದಲ್ಲೇ ಅಲ್ಲಿ ಶನಿವಾರ ಬಸ್ ಓಡುತ್ತಿತ್ತು. ಯಥಾಸ್ಥಿತಿ ಅಂದಾಗ ಅದೂ ಹಾಗೇ ಉಳಿಯಿತು. ಎಲ್ಲಾ ಬಸ್ಸೂ ಅಲ್ಲ, ಕೆಲವು ಮಾರ್ಗ ಮಾತ್ರ. ಅದರಲ್ಲಿ ಆಸ್ಪತ್ರೆಗೆ ಹೋಗುವ ಮುದುಕರು, ಮಕ್ಕಳನ್ನು ಎತ್ತಿಕೊಂಡ ಅಮ್ಮಂದಿರು, ಗಾಲಿಕುರ್ಚಿ ತಳ್ಳುವ ಅಕ್ಕಂದಿರು. ಬೆಟ್ಟದ ಮೇಲೆ ಬಹಾಯಿಗಳ ಹತ್ತೊಂಬತ್ತು ಮೆಟ್ಟಿಲಿನ ತೋಟ, ಕೆಳಗೆ ಬಂದರು, ಊರು ಶಾಂತವಾಗೇ ಇತ್ತು. ದೇವಾಲಯಕ್ಕೆ ನಡೆದು ಹೋಗುವವರು ನಡೆದು ಹೋಗುತ್ತಿದ್ದರು. ಎಪ್ಪತ್ತು ವರ್ಷ ಬಸ್ ಓಡಿದರೂ ಹೈಫಾದಲ್ಲಿ ಶಬ್ಬಾತ್ ಸತ್ತಿರಲಿಲ್ಲ.

ಯಾರು ಓಡಿಸೋದು ಅನ್ನೋದಕ್ಕೂ ಉತ್ತರ ಆ ದೇಶದಲ್ಲೇ ಇದೆ. ಅಲ್ಲಿ ಬಸ್ ಡ್ರೈವರುಗಳಲ್ಲಿ ಅರಬರು ಬಹಳ. ಮುಸ್ಲಿಮರಿಗೆ ಶುಕ್ರವಾರ, ಯಹೂದಿಗಳಿಗೆ ಶನಿವಾರ, ಕ್ರೈಸ್ತರಿಗೆ ಭಾನುವಾರ. ಮೂರು ವಿಶ್ರಾಂತಿ ದಿನ ಇರುವ ದೇಶ ಪ್ರಪಂಚದಲ್ಲಿ ಇನ್ನೆಷ್ಟಿವೆ? ಒಬ್ಬರ ದಿನ ಇನ್ನೊಬ್ಬರು ಕಾಯುವುದಕ್ಕೆ ಅದಕ್ಕಿಂತ ಅನುಕೂಲದ ಜಾಗ ಇಲ್ಲ. ಜೆರುಸಲೇಮಿನಲ್ಲೂ ಇದು ಕಣ್ಣಿಗೆ ಕಾಣುತ್ತೆ. ಪಶ್ಚಿಮದ ದೊಡ್ಡ ನಿಲ್ದಾಣಕ್ಕೆ ಬೀಗ ಬಿದ್ದಿರುವಾಗ, ಪೂರ್ವದ ಡಮಾಸ್ಕಸ್ ಗೇಟಿನ ಹತ್ತಿರ ಅರಬರ ಬಸ್ಸುಗಳು ಎಂದಿನಂತೆ ಜನ ತುಂಬಿಸಿಕೊಂಡು ಹೊರಡುತ್ತವೆ. ಅಂಗಡಿ ಬೇಡ, ಆಫೀಸು ಬೇಡ, ಕಾರ್ಖಾನೆ ಬೇಡ. ಆಸ್ಪತ್ರೆಗೆ, ಸಮುದ್ರಕ್ಕೆ, ಚರ್ಚಿಗೆ, ಸಂಬಂಧಿಕರ ಮನೆಗೆ ಗಂಟೆಗೊಂದು ಬಸ್ ಸಾಕು. ಅದನ್ನು ಓಡಿಸುವವನಿಗೆ ಅವನ ದಿನ ತಪ್ಪದೆ ಕೊಡಬೇಕು. ನಾನು ಕೇಳೋದು ಇಷ್ಟೇ. ಅಜ್ಜಿಗೆ ವಾಪಸ್ ಬಂದು ಹೇಳಿದೆ. "ಹೈಫಾದವರು ಬೇರೆ ಜನ" ಅಂದರು :-)

ಮುಂದಿನ ವರ್ಷ, 2019ರ ನವೆಂಬರಿನಲ್ಲಿ, ತೆಲ್ ಅವೀವ್ ಮತ್ತು ಅಕ್ಕಪಕ್ಕದ ಕೆಲವು ಊರುಗಳ ನಗರಸಭೆಗಳು ತಾವೇ ವಾರಾಂತ್ಯದ ಬಸ್ ಶುರು ಮಾಡಿದವು. ದುಡ್ಡು ತೆಗೆದುಕೊಂಡರೆ ಕಾನೂನು ಅಡ್ಡ ಬರುತ್ತೆ ಅಂತ ಟಿಕೆಟ್ಟೇ ಇಲ್ಲ, ಉಚಿತ. ನಾವು ಊರಿಗೆ ಹೊರಡುವ ಹೊತ್ತು ಅದು. ಅಕ್ಕ ಫೋನ್ ಮಾಡಿ "ಬಸ್ ಬಂತಂತೆ ಮಾರಾಯ್ರೆ, ಆದ್ರೆ ರೆಹೋವೋತ್‌ಗೆ ಇಲ್ಲ" ಅಂದು ನಕ್ಕರು. 2023ರ ಆಗಸ್ಟಿನಲ್ಲಿ ತೆಲ್ ಅವೀವ್‌ಗೆ ಬಹಳ ವರ್ಷ ಕಾದಿದ್ದ ಲೈಟ್ ರೈಲಿನ ಕೆಂಪು ಮಾರ್ಗ ಬಂತು, 34 ನಿಲ್ದಾಣ. ಅದೂ ಶಬ್ಬಾತ್ ದಿನ ಓಡೋದಿಲ್ಲ ಅಂತ ಆದಾಗ ಶುರುವಾದ ದಿನವೇ ಜನ ಪ್ರತಿಭಟನೆ ಮಾಡಿದರು.

ಅದಾಗಿ ಎರಡು ತಿಂಗಳಿಗೆ ಈ ಜಗಳವೆಲ್ಲಾ ಸಣ್ಣದಾಗಿ ಹೋಯ್ತು. 2023ರ ಅಕ್ಟೋಬರ್ 7 ಕೂಡ ಶನಿವಾರ. ನಾನು ಮೈಸೂರಿನಿಂದ ಅಕ್ಕನಿಗೆ ಹತ್ತು ಸಲ ಫೋನ್ ಮಾಡಿದೆ. ಸಂಜೆ ಸಿಕ್ಕರು. ಅವತ್ತು ಅವರಿಗೆ ರಜೆ. ಬೆಳಿಗ್ಗೆ ಸೈರನ್ ಆದಾಗ ಸಾವ್ತಾಳನ್ನು ಎತ್ತಿಕೊಂಡು ಒಳಗಿನ ಸುರಕ್ಷಿತ ಕೋಣೆಗೆ ಹೋದವರು, ಹೊರಗೆ ಬಂದಿರಲಿಲ್ಲ. "ಅವರಿಗೆ ನಡೀಲಿಕ್ಕೆ ಆಗುದಿಲ್ಲ ಅಲ್ವಾ, ನಾನು ಹೇಗೆ ಹೋಗುದು?" ಅಂದರು. ಆ ದಿನ ಅಲ್ಲಿ ಸತ್ತವರು, ಆಮೇಲೆ ಗಾಜಾದಲ್ಲಿ ಸತ್ತ ಹತ್ತಾರು ಸಾವಿರ ಜನ.. ಅದನ್ನು ಬರೆಯುವ ಶಕ್ತಿ ನನ್ನ ಈ ಬರಹಕ್ಕಿಲ್ಲ. 2025ರ ಜೂನಿನಲ್ಲಿ ಇರಾನಿನ ಕ್ಷಿಪಣಿ ನಮ್ಮವರು ಕೆಲಸ ಮಾಡಿದ ಸಂಸ್ಥೆಯ ಕಟ್ಟಡಗಳ ಮೇಲೂ ಬಿತ್ತು. ನನ್ನ ಮಗ ಸೈಕಲ್ ಕಲಿತ ರಸ್ತೆ ಅಲ್ಲಿಂದ ಹೆಚ್ಚು ದೂರವಿಲ್ಲ.

ಕೊನೆಗೆ ನನ್ನ ಮನೆಯ ವಿಷಯ ಒಂದನ್ನು ಹೇಳದಿದ್ದರೆ ಇಷ್ಟು ಬರೆದದ್ದಕ್ಕೆ ಅರ್ಥವಿಲ್ಲ. 2024ರಲ್ಲಿ ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ನೋಡಿಕೊಳ್ಳೋಕೆ ಎಚ್.ಡಿ. ಕೋಟೆ ಕಡೆಯ ಒಬ್ಬ ಹುಡುಗಿ ಬಂದು ನಮ್ಮ ಮನೆಯಲ್ಲೇ ಉಳಿದಳು. ಒಳ್ಳೇ ಹುಡುಗಿ. ನಮ್ಮ ಜೊತೆಗೇ ಊಟ, ಒಳ್ಳೇ ಸಂಬಳ, ಹಬ್ಬಕ್ಕೆ ಸೀರೆ. ನಾನು ಇದನ್ನೆಲ್ಲಾ ಹೆಮ್ಮೆಯಿಂದ ಅಕ್ಕನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಅಕ್ಕ ಎಲ್ಲಾ ಕೇಳಿ, "ಅವಳಿಗೆ ರಜೆ ಯಾವಾಗ?" ಅಂದರು.

ನಾನು ಸುಮ್ಮನಾದೆ. ನಾಲ್ಕು ತಿಂಗಳಾಗಿತ್ತು, ಒಂದು ದಿನವೂ ಕೊಟ್ಟಿರಲಿಲ್ಲ. ಅವಳು ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಕರ್ನಾಟಕ 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಮಾಡಿದ ರಾಜ್ಯ. ಆದರೆ ವಾರದ ರಜೆ ನಮ್ಮ ಎಷ್ಟು ಮನೆಗಳಲ್ಲಿದೆ? ಇಸ್ರೇಲಿನ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಸಿಟ್ಟು ಮಾಡಿಕೊಂಡವಳು ನಾನು, ನನ್ನ ಮನೆಯ ಹುಡುಗಿಗೆ ಒಂದು ಭಾನುವಾರ ಕೊಟ್ಟಿರಲಿಲ್ಲ.

ಈಗ ಅವಳು ಶನಿವಾರ ಸಂಜೆ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಬರುತ್ತಾಳೆ. ಬಸ್ಸಿನ ದುಡ್ಡು ನಮ್ಮದು. ಅಮ್ಮನನ್ನು ಎತ್ತಿ ಕೂರಿಸುವುದು ಹೇಗೆ ಅಂತ ಅಕ್ಕ ವಿಡಿಯೋದಲ್ಲಿ ಕಲಿಸಿದರು. ಮೊದಲ ಭಾನುವಾರ ನನಗೆ ಬೆನ್ನು ಹಿಡಿದುಕೊಂಡಿತು, ಅಮ್ಮನಿಗೆ ನನ್ನ ಮೇಲೆ ನಂಬಿಕೆ ಬರೋಕೆ ಒಂದು ತಿಂಗಳು ಹಿಡಿಯಿತು. ಸೋಮವಾರ ಬೆಳಿಗ್ಗೆ ಆ ಹುಡುಗಿ ವಾಪಸ್ ಬಂದಾಗ ಅವಳ ಮುಖ ನೋಡಿದೆ. ಯಾಫೋದಿಂದ ಬಂದ ಅಕ್ಕನ ಮುಖದ ಹಾಗೇ ಇತ್ತು.

ಇದನ್ನು ಓದುತ್ತಿರುವ ನೀವೂ ಒಂದು ಸಲ ಮನೆಯೊಳಗೆ ಸುತ್ತ ನೋಡಿ. ಅಡುಗೆಯವರು, ಪಾತ್ರೆ ತೊಳೆಯುವವರು, ಮಗು ಆಡಿಸುವವರು, ಡ್ರೈವರು. ಅವರ ಶನಿವಾರ ಯಾವುದು? ಆ ದಿನ ಅವರಿಗೆ ಹೋಗೋಕೆ ಬಸ್ ಇದೆಯಾ?